ಕೀಲಿಮಣೆಯ ಕಾಲುದಾರಿಗಳು

ಮದ್ದೂರು ಸೀಮೆಯ ರೈತರಿಗೆ ಕಾಲುದಾರಿಯ ಬೆಲೆಯನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ರಸ್ತೆ ಹಿಡಿದು ಹೋದರೆ ಅರ್ಧ ಗಂಟೆಯ ದೂರವನ್ನು ಗದ್ದೆಯ ಬದುವಿನ ಮೇಲೆ ಹಾಯ್ದು ಹತ್ತು ನಿಮಿಷದಲ್ಲಿ ಮುಟ್ಟುವುದು ಅವರಿಗೆ ರೂಢಿ. ಒಂದೇ ಷರತ್ತು: ಬದು ಎಲ್ಲಿ ಕಡಿದಿದೆ, ಕಾಲುವೆಯನ್ನು ಎಲ್ಲಿ ದಾಟಬೇಕು ಎಂಬುದು ಕಾಲಿಗೇ ಗೊತ್ತಿರಬೇಕು. ಹೆಜ್ಜೆ ಹೆಜ್ಜೆಗೂ ನಿಂತು ಯೋಚಿಸುವವನಿಗೆ ರಸ್ತೆಯೇ ವಾಸಿ.

ಕಂಪ್ಯೂಟರಿನಲ್ಲೂ ಇಂಥ ಕಾಲುದಾರಿಗಳುಂಟು. ಮೌಸ್ ಹಿಡಿದು ಪರದೆಯ ಮೂಲೆ ಮೂಲೆ ಸುತ್ತುವ ಬದಲು ಎರಡು ಕೀಲಿಗಳನ್ನು ಒಟ್ಟಿಗೆ ಒತ್ತಿ ಅದೇ ಕೆಲಸವನ್ನು ಕ್ಷಣದಲ್ಲಿ ಮುಗಿಸುವ ಉಪಾಯ ಇದು. ಇಂಗ್ಲಿಷಿನಲ್ಲಿ ಇವುಗಳಿಗೆ ಶಾರ್ಟ್‌ಕಟ್ ಎಂದು ಹೆಸರು. ವರ್ಷಗಟ್ಟಲೆ ಕಂಪ್ಯೂಟರಿನ ಮುಂದೆ ಕುಳಿತವರೂ ಇವುಗಳಲ್ಲಿ ನಾಲ್ಕೈದನ್ನು ಬಿಟ್ಟರೆ ಉಳಿದವುಗಳ ಗೋಜಿಗೆ ಹೋಗುವುದಿಲ್ಲ. ಇದರಿಂದ ನಷ್ಟ ಯಾರಿಗೆ? ಕುಳಿತವರಿಗಿಂತ ಹೆಚ್ಚಾಗಿ, ಅವರ ಮುಂದೆ ಸಾಲಿನಲ್ಲಿ ನಿಂತವರಿಗೆ.

ಪಹಣಿಯ ಸಾಲು

ಬೆಂಗಳೂರು–ಮೈಸೂರು ಹಳೆಯ ಹೆದ್ದಾರಿಯಲ್ಲಿ ಮದ್ದೂರಿಗೆ ಮೊದಲು ಸಿಗುವ ಊರು ಸೋಮನಹಳ್ಳಿ. ಕನಕಪುರ ರಸ್ತೆಯಲ್ಲೂ ಇದೇ ಹೆಸರಿನ ಊರೊಂದಿದೆ. ಇದು ಮಂಡ್ಯ ಜಿಲ್ಲೆಯದು. 1932ರ ಮೇ 1ರಂದು ಈ ಊರಿನಲ್ಲಿ ಹುಟ್ಟಿದ ಎಸ್. ಎಂ. ಕೃಷ್ಣ ಅವರು 1999ರಿಂದ 2004ರವರೆಗೆ ರಾಜ್ಯದ ಮುಖ್ಯಮಂತ್ರಿಯಾಗಿದ್ದರು. ಅವರ ಹೆಸರಿನ ಮೊದಲಕ್ಷರ ‘ಎಸ್’ ಈ ಊರಿನದೇ. ಬೆಂಗಳೂರು ಕಂಪ್ಯೂಟರ್ ಉದ್ದಿಮೆಯ ಊರೆಂದು ಲೋಕಪ್ರಸಿದ್ಧವಾದದ್ದು ಅವರ ಆಡಳಿತದ ಕಾಲದಲ್ಲಿ. ಆದರೆ ಹಳ್ಳಿಯ ಮಟ್ಟಿಗೆ ಅದೇ ಕಾಲದ ಇನ್ನೊಂದು ಕೆಲಸ ಹೆಚ್ಚು ಮುಖ್ಯವಾದುದು. ಅದು ‘ಭೂಮಿ’ ಯೋಜನೆ.

ಅಲ್ಲಿಯವರೆಗೆ ಪಹಣಿ ಬೇಕೆಂದರೆ ಗ್ರಾಮಲೆಕ್ಕಿಗರನ್ನು ಹುಡುಕಿಕೊಂಡು ಹೋಗಬೇಕಿತ್ತು. ಅವರು ಸಿಕ್ಕ ದಿನ, ಅವರ ಕೈಬರಹದಲ್ಲಿ, ಅವರು ಬರೆದುಕೊಟ್ಟಂತೆ. ‘ಭೂಮಿ’ ಯೋಜನೆಯಲ್ಲಿ ಸುಮಾರು 67 ಲಕ್ಷ ರೈತರ 2 ಕೋಟಿಯಷ್ಟು ಜಮೀನು ದಾಖಲೆಗಳು ಕಂಪ್ಯೂಟರಿಗೆ ಏರಿದವು. ಆಗಿನ 177 ತಾಲ್ಲೂಕು ಕೇಂದ್ರಗಳಲ್ಲಿ ಕಿಟಕಿಗಳು ತೆರೆದವು. 15 ರೂಪಾಯಿ ಕೊಟ್ಟರೆ ಅಚ್ಚಾದ ಪಹಣಿ ಕೈಗೆ ಬಂತು. ಕೈಬರಹದ ಪಹಣಿ ಕಾನೂನಿನ ಮಾನ್ಯತೆ ಕಳೆದುಕೊಂಡಿತು.

ಅಂದಿನಿಂದ ಹಳ್ಳಿಯವರ ಎಷ್ಟೋ ಕೆಲಸಗಳು ಕೀಲಿಮಣೆಯ ಮುಂದೆ ಕುಳಿತವರ ಬೆರಳಿನ ವೇಗವನ್ನು ಅವಲಂಬಿಸಿವೆ. ನಾಡಕಚೇರಿಯಲ್ಲಿ ಜಾತಿ ಮತ್ತು ಆದಾಯ ಪ್ರಮಾಣಪತ್ರ, ಗ್ರಾಮ ಒನ್ ಕೇಂದ್ರದಲ್ಲಿ ಅರ್ಜಿ, ಸಹಕಾರ ಸಂಘದಲ್ಲಿ ಸಾಲದ ಲೆಕ್ಕ, ಜೆರಾಕ್ಸ್ ಅಂಗಡಿಯಲ್ಲಿ ವಿದ್ಯಾರ್ಥಿವೇತನದ ನಮೂನೆ, ಹೀಗೆ. ಸಾಲಿನಲ್ಲಿ ಇಪ್ಪತ್ತನೆಯವನಾಗಿ ನಿಂತ ಕೂಲಿಕಾರನಿಗೆ ಮುಂದಿನ ಹತ್ತೊಂಬತ್ತು ಜನರಲ್ಲಿ ಒಬ್ಬೊಬ್ಬರಿಗೂ ಎರಡೆರಡು ನಿಮಿಷ ಉಳಿದರೆ ಒಟ್ಟು ಮೂವತ್ತೆಂಟು ನಿಮಿಷ ಉಳಿಯಿತು. ಊಟದ ಹೊತ್ತಿಗೆ ಕಿಟಕಿ ಮುಚ್ಚಿ ಅರ್ಧ ದಿನದ ಕೂಲಿ ಹೋಗುವುದಕ್ಕೂ ಹೋಗದಿರುವುದಕ್ಕೂ ಅಷ್ಟು ಸಮಯ ಸಾಕು.

ಸೆಕೆಂಡುಗಳ ಲೆಕ್ಕ

ಎರಡು ಕೀಲಿ ಒತ್ತುವುದರಿಂದ ಅಷ್ಟೊಂದು ಸಮಯ ಉಳಿಯುವುದು ನಿಜವೇ? ಇದನ್ನು ಅಳೆದು ನೋಡಿದವರಿದ್ದಾರೆ. ಅಮೆರಿಕದ ಸ್ಟೂವರ್ಟ್ ಕಾರ್ಡ್, ಥಾಮಸ್ ಮೊರಾನ್ ಮತ್ತು ಅಲನ್ ನ್ಯೂವೆಲ್ ಎಂಬ ಮೂವರು 1980ರಲ್ಲಿ ಕಂಪ್ಯೂಟರ್ ಬಳಸುವವರ ಕೈಚಲನೆಯನ್ನು ಬಿಡಿಬಿಡಿಯಾಗಿ ಅಳೆದು ಒಂದು ಲೆಕ್ಕಾಚಾರವನ್ನು ಪ್ರಕಟಿಸಿದರು. ಅದರ ಪ್ರಕಾರ ಸಾಧಾರಣ ಟೈಪಿಸ್ಟ್ ಒಂದು ಕೀಲಿ ಒತ್ತಲು ಸುಮಾರು 0.28 ಸೆಕೆಂಡು ಬೇಕು. ಕೈಯನ್ನು ಕೀಲಿಮಣೆಯಿಂದ ಮೌಸ್‌ಗೆ ಒಯ್ಯಲು 0.4 ಸೆಕೆಂಡು. ಮೌಸ್ ಬಾಣವನ್ನು ಪರದೆಯ ಮೇಲಿನ ಒಂದು ಗುರಿಗೆ ಮುಟ್ಟಿಸಲು 1.1 ಸೆಕೆಂಡು.

ಈಗ ಒಂದು ಪದವನ್ನು ನಕಲು ಮಾಡುವ ಕೆಲಸವನ್ನೇ ತೆಗೆದುಕೊಳ್ಳೋಣ. ಪದವನ್ನು ಆಯ್ದುಕೊಂಡಾಗಿದೆ, ಕೈ ಕೀಲಿಮಣೆಯ ಮೇಲಿದೆ. ಮೌಸ್‌ಗೆ ಕೈ ಹೋಗಬೇಕು, ಬಾಣ ಮೆನುವಿಗೆ ಹೋಗಬೇಕು, ಒಂದು ಕ್ಲಿಕ್. ಅಲ್ಲಿ ‘ಕಾಪಿ’ ಎಂಬ ಮಾತನ್ನು ಹುಡುಕಿ ಮತ್ತೊಂದು ಕ್ಲಿಕ್. ಕೈ ಹಿಂದಕ್ಕೆ ಬರಬೇಕು. ಕ್ಲಿಕ್ಕಿಗೆ 0.2 ಸೆಕೆಂಡು ಎಂದು ಹಿಡಿದರೂ ಎಲ್ಲ ಕೂಡಿ 3.4 ಸೆಕೆಂಡು. ಕಂಟ್ರೋಲ್ ಕೀಲಿ ಹಿಡಿದು ಸಿ ಒತ್ತಿದರೆ? ಎರಡು ಕೀಲಿ, 0.56 ಸೆಕೆಂಡು. ಒಂದು ಸಲಕ್ಕೆ ಉಳಿತಾಯ ಹೆಚ್ಚುಕಡಿಮೆ 2.8 ಸೆಕೆಂಡು.

ಇಷ್ಟಕ್ಕೇ ಇಷ್ಟು ಗದ್ದಲವೇ ಎನ್ನಬೇಡಿ. ಇಂಥ ಸಣ್ಣ ಕೆಲಸಗಳು ದಿನಕ್ಕೆ 300 ಬಂದರೆ 840 ಸೆಕೆಂಡು, ಅಂದರೆ 14 ನಿಮಿಷ. ತಿಂಗಳಿಗೆ 25 ದಿನದ ಕೆಲಸವೆಂದರೆ 350 ನಿಮಿಷ, ಆರು ಗಂಟೆಗೆ ಹತ್ತು ನಿಮಿಷ ಕಡಿಮೆ. ಹನಿ ಹನಿ ಕೂಡಿದರೆ ಹಳ್ಳ ಎಂಬ ಗಾದೆ ಇಲ್ಲಿ ಅಂಕಿಯಲ್ಲೇ ಕಾಣುತ್ತದೆ.

ಆದರೆ ಆ ಮೂವರ ಲೆಕ್ಕದಲ್ಲಿ ಇನ್ನೊಂದು ಅಂಕಿಯೂ ಇದೆ. ಮುಂದೇನು ಮಾಡಬೇಕೆಂದು ಮನಸ್ಸು ಸಿದ್ಧವಾಗಲು ಪ್ರತಿ ಸಲ ಸುಮಾರು 1.35 ಸೆಕೆಂಡು ಬೇಕು ಎನ್ನುತ್ತದೆ ಅದು. ಕಾಲುದಾರಿಯ ಗುಟ್ಟು ಇರುವುದು ಇಲ್ಲಿಯೇ. ಯಾವ ಕೀಲಿ ಎಂದು ತಲೆ ಕೆರೆದುಕೊಳ್ಳುತ್ತಾ ಕೀಲಿಮಣೆಯನ್ನು ನೋಡುತ್ತಾ ಮೂರು ಸೆಕೆಂಡು ಕಳೆದರೆ ಉಳಿತಾಯವೆಲ್ಲ ಕರಗಿಹೋಯಿತು. ಗೋಡೆಗೆ ಐವತ್ತು ಶಾರ್ಟ್‌ಕಟ್‌ಗಳ ಪಟ್ಟಿ ಅಂಟಿಸಿಕೊಂಡವರು ವೇಗವಾಗಿ ಕೆಲಸ ಮಾಡದಿರುವುದಕ್ಕೆ ಕಾರಣ ಇದೇ. ತಲೆಯಲ್ಲಿರುವ ಐವತ್ತಕ್ಕಿಂತ ಬೆರಳಲ್ಲಿರುವ ಹತ್ತು ಮೇಲು.

ಅನುಭವ ಬಂದಂತೆ ಇವು ತಾವಾಗಿಯೇ ಬರುತ್ತವೆ ಎಂದೂ ತಿಳಿಯಬೇಕಾಗಿಲ್ಲ. ಅಮೆರಿಕದ ಸಂಶೋಧಕರು 2005ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ, ಮೈಕ್ರೋಸಾಫ್ಟ್ ವರ್ಡ್ ಬಳಸಿ ನುರಿತ 251 ಮಂದಿಯನ್ನು ವಿಚಾರಿಸಿದಾಗ, ಅವರಲ್ಲಿ ಹೆಚ್ಚಿನವರು ತೀರಾ ಸಾಮಾನ್ಯ ಕೆಲಸಗಳಿಗೂ ಪರದೆಯ ಮೇಲಿನ ಚಿತ್ರಗಳನ್ನೇ ಕ್ಲಿಕ್ಕಿಸುತ್ತಿದ್ದುದು ಕಂಡುಬಂತು. ಒಮ್ಮೆ ರಸ್ತೆ ರೂಢಿಯಾದರೆ ಕಾಲುದಾರಿ ಹುಡುಕಲು ಯಾರಿಗೂ ಪುರುಸೊತ್ತಿರುವುದಿಲ್ಲ.

ಕತ್ತರಿ, ಅಂಟು ಮತ್ತು ನಾಲ್ಕು ಕೀಲಿ

ಈ ಕೀಲಿಗಳನ್ನು ಮನಸ್ಸಿಗೆ ಬಂದಂತೆ ಆರಿಸಿದ್ದಲ್ಲ. ಹಿಂದೆ ಪತ್ರಿಕಾ ಕಚೇರಿಗಳಲ್ಲಿ ಬರಹದ ಒಂದು ಪ್ಯಾರಾವನ್ನು ಮೇಲಕ್ಕೋ ಕೆಳಕ್ಕೋ ತರಬೇಕಾದರೆ ಹಾಳೆಯನ್ನು ಕತ್ತರಿಯಿಂದ ಕತ್ತರಿಸಿ, ಬೇಕಾದ ಕಡೆ ಗೋಂದಿನಿಂದ ಅಂಟಿಸುತ್ತಿದ್ದರು. ಇದೇ ಕೆಲಸವನ್ನು ಪರದೆಯ ಮೇಲೆ ಮಾಡಿತೋರಿಸಿದವರು ಲ್ಯಾರಿ ಟೆಸ್ಲರ್. 1970ರ ದಶಕದ ನಡುವಿನಲ್ಲಿ ಅಮೆರಿಕದ ಜೆರಾಕ್ಸ್ ಕಂಪನಿಯ ಪಾಲೊ ಆಲ್ಟೊ ಸಂಶೋಧನಾ ಕೇಂದ್ರದಲ್ಲಿ ಟಿಮ್ ಮಾಟ್ ಅವರೊಂದಿಗೆ ‘ಜಿಪ್ಸಿ’ ಎಂಬ ತಂತ್ರಾಂಶವನ್ನು ರೂಪಿಸಿದಾಗ ‘ಕಟ್’, ‘ಕಾಪಿ’, ‘ಪೇಸ್ಟ್’ ಎಂಬ ಮಾತುಗಳನ್ನು ಅವರು ಬಳಕೆಗೆ ತಂದರು. ಮುಂದೆ ಆಪಲ್ ಕಂಪನಿ ಸೇರಿದ ಟೆಸ್ಲರ್, 1983ರಲ್ಲಿ ಹೊರಬಂದ ‘ಲೀಸಾ’ ಕಂಪ್ಯೂಟರಿಗಾಗಿ ದುಡಿದರು. ಜಡ್, ಎಕ್ಸ್, ಸಿ, ವಿ ಎಂಬ ಅಕ್ಕಪಕ್ಕದ ನಾಲ್ಕು ಕೀಲಿಗಳು ಈ ಕೆಲಸಕ್ಕೆ ಗೊತ್ತಾದದ್ದು ಆಗ.

ಸಿ ಎಂದರೆ ಕಾಪಿ. ಎಕ್ಸ್ ಎಂಬುದು ಹೊಡೆದುಹಾಕುವ ಗುರುತು, ತೆರೆದ ಕತ್ತರಿಯಂತೆಯೂ ಕಾಣುತ್ತದೆ. ವಿ ಎಂಬುದು ಬಿಟ್ಟುಹೋದ ಪದ ಸೇರಿಸುವಾಗ ಸಾಲಿನ ಕೆಳಗೆ ಹಾಕುವ ಕಾಕಪಾದವನ್ನು ತಲೆಕೆಳಗು ಮಾಡಿದಂತಿದೆ. ಜಡ್ ಇವುಗಳ ಪಕ್ಕದಲ್ಲೇ ಇತ್ತು. ಮಾಡಿದ್ದನ್ನು ರದ್ದುಮಾಡುವ ಕೆಲಸ ಅದಕ್ಕೆ ಬಂತು. 2020ರ ಫೆಬ್ರವರಿಯಲ್ಲಿ ಟೆಸ್ಲರ್ ತೀರಿಕೊಂಡರು. ಅವರ ಹೆಸರು ಕೇಳದವರೂ ಅವರ ನಾಲ್ಕು ಕೀಲಿಗಳನ್ನು ದಿನವೂ ಒತ್ತುತ್ತಾರೆ.

ಈ ನಾಲ್ಕೂ ಎಡಗೈ ಕಡೆಗೆ ಇರುವುದನ್ನು ಗಮನಿಸಬೇಕು. ಬಲಗೈ ಮೌಸ್ ಮೇಲಿದ್ದಾಗ ಎಡಗೈ ಸುಮ್ಮನೆ ಕೂರಬೇಕಾಗಿಲ್ಲ. ಮೌಸನ್ನು ಕಂಡುಹಿಡಿದ ಡಗ್ಲಾಸ್ ಎಂಗೆಲ್‌ಬರ್ಟ್ ಅವರೇ 1968ರ ಡಿಸೆಂಬರ್ 9ರಂದು ಅದನ್ನು ಸಭೆಯೊಂದರಲ್ಲಿ ಪ್ರದರ್ಶಿಸಿದಾಗ, ಬಲಗೈಗೆ ಮೌಸ್, ಎಡಗೈಗೆ ಐದು ಕೀಲಿಗಳ ಪುಟ್ಟ ಮಣೆ ಇಟ್ಟುಕೊಂಡಿದ್ದರು. ಮೌಸ್ ಲೋಕವೆಲ್ಲ ಹಬ್ಬಿತು, ಐದು ಕೀಲಿಯ ಮಣೆ ಮರೆಯಾಯಿತು. ಕೈ ಎರಡೂ ದುಡಿಯಬೇಕೆಂಬ ಆ ಆಲೋಚನೆ ಈಗ ಕಂಟ್ರೋಲ್ ಕೀಲಿಯಲ್ಲಿ ಉಳಿದಿದೆ.

ಕನ್ನಡದ ಬೆರಳು

ಇಂಗ್ಲಿಷ್ ಅಕ್ಷರಗಳಿರುವ ಮಣೆಯಲ್ಲಿ ಕನ್ನಡ ಬರೆಯುವವರಿಗೆ ಮೊದಲ ಕಾಲುದಾರಿ ಎಂದರೆ ಕೀಲಿಗಳ ವಿನ್ಯಾಸವೇ. ಕಿನ್ನಿಕಂಬಳದ ಕೆ. ಪಿ. ರಾವ್ ರೂಪಿಸಿದ ವಿನ್ಯಾಸದಲ್ಲಿ ಧ್ವನಿಗೆ ತಕ್ಕಂತೆ ಅಕ್ಷರಗಳಿವೆ. ಕೆ ಒತ್ತಿದರೆ ಕ, ಶಿಫ್ಟ್ ಹಿಡಿದು ಕೆ ಒತ್ತಿದರೆ ಖ. ವ್ಯಂಜನದಲ್ಲಿ ಅಕಾರ ತಾನಾಗಿಯೇ ಇರುವುದರಿಂದ ಅದಕ್ಕೆ ಬೇರೆ ಕೀಲಿ ಬೇಕಿಲ್ಲ. ಒತ್ತಕ್ಷರಕ್ಕೆ ನಡುವೆ ಎಫ್ ಕೀಲಿ. ‘ಸೋಮನಹಳ್ಳಿ’ ಎಂದು ಬರೆಯಲು ಎಸ್, ಓ, ಎಂ, ಎನ್, ಎಚ್, ಎಲ್, ಎಫ್, ಎಲ್, ಐ, ಹೀಗೆ ಒಂಬತ್ತು ಕೀಲಿ ಸಾಕು. ಓ ಮತ್ತು ಎರಡು ಎಲ್‌ಗಳಿಗೆ ಶಿಫ್ಟ್ ಹಿಡಿಯಬೇಕು, ಅಷ್ಟೆ. ಇದೇ ಊರಿನ ಹೆಸರನ್ನು ಇಂಗ್ಲಿಷಿನಲ್ಲಿ ಬರೆಯಲು ಹನ್ನೊಂದು ಅಕ್ಷರ ಬೇಕು. ಕನ್ನಡ ಟೈಪಿಂಗ್ ನಿಧಾನ ಎಂಬ ಮಾತಿಗೆ ಇದಕ್ಕಿಂತ ಬೇರೆ ಉತ್ತರ ಬೇಕೆ?

ಕರ್ನಾಟಕ ಸರ್ಕಾರ ಈ ವಿನ್ಯಾಸವನ್ನೇ ಅಲ್ಪಸ್ವಲ್ಪ ಬದಲಾವಣೆಯೊಂದಿಗೆ ಅಧಿಕೃತವೆಂದು ಒಪ್ಪಿಕೊಂಡಿತು. ಕನ್ನಡ ಗಣಕ ಪರಿಷತ್ತಿನ ‘ನುಡಿ’ ತಂತ್ರಾಂಶದಲ್ಲಿ ಇರುವುದೂ ಅದೇ. ನುಡಿಯ ಹಳೆಯ ಆವೃತ್ತಿಗಳಲ್ಲಿ ಕನ್ನಡದಿಂದ ಇಂಗ್ಲಿಷಿಗೆ ದಾಟಲು ಸ್ಕ್ರಾಲ್ ಲಾಕ್ ಕೀಲಿ ಒತ್ತಬೇಕಿತ್ತು. ಈಗಿನ ಅನೇಕ ಲ್ಯಾಪ್‌ಟಾಪ್‌ಗಳಲ್ಲಿ ಆ ಕೀಲಿಯೇ ಇಲ್ಲ. ವಿಂಡೋಸ್ ಜೊತೆಗೇ ಬರುವ ಕನ್ನಡ ಕೀಲಿಮಣೆ ಬಳಸುವವರು ವಿಂಡೋಸ್ ಕೀಲಿ ಹಿಡಿದು ಸ್ಪೇಸ್ ಒತ್ತಿದರೆ ಭಾಷೆ ಬದಲಾಗುತ್ತದೆ. ಅರ್ಜಿಯಲ್ಲಿ ಹೆಸರು ಎರಡು ಭಾಷೆಯಲ್ಲೂ ಕೇಳುವ ನಮ್ಮ ಕಚೇರಿಗಳಲ್ಲಿ ದಿನಕ್ಕೆ ನೂರಾರು ಬಾರಿ ಬೇಕಾಗುವ ಕೀಲಿ ಇದು.

ಕನ್ನಡದಲ್ಲಿ ಬರೆಯುತ್ತಿರುವಾಗ ಕಂಟ್ರೋಲ್ ಹಿಡಿದು ಸಿ ಒತ್ತಿದರೆ ‘ಚ’ ಬಂದುಬಿಡುತ್ತದೆಯೇ ಎಂಬ ಅಳುಕು ಕಲಿಯುವವರಲ್ಲಿ ಉಂಟು. ಹಾಗಾಗುವುದಿಲ್ಲ. ಕಂಟ್ರೋಲ್ ಹಿಡಿದಾಗ ಆ ಕೀಲಿಯ ಕೆಲಸ ನಕಲು ಮಾಡುವುದೇ. ಅದಕ್ಕಾಗಿ ಇಂಗ್ಲಿಷಿಗೆ ಹೋಗಿ ಬರಬೇಕಾಗಿಲ್ಲ.

ಕನ್ನಡದವರಿಗೆ ಮಾತ್ರ ಎದುರಾಗುವ ಒಂದು ತೊಡಕು ಇದೆ. ಹಳೆಯ ನುಡಿ ಅಥವಾ ಬರಹ ಅಕ್ಷರಶೈಲಿಯಲ್ಲಿ ಬರೆದ ಪಠ್ಯವನ್ನು ನಕಲು ಮಾಡಿ ಮಿಂಚಂಚೆಗೋ ಸರ್ಕಾರಿ ಜಾಲತಾಣದ ನಮೂನೆಗೋ ಅಂಟಿಸಿದರೆ ಅರ್ಥವಿಲ್ಲದ ಚಿಹ್ನೆಗಳು ಮೂಡುತ್ತವೆ. ತಪ್ಪು ಕೀಲಿಯದಲ್ಲ. ಆ ಹಳೆಯ ಶೈಲಿಗಳು ಇಂಗ್ಲಿಷ್ ಸಂಕೇತಗಳಿಗೇ ಕನ್ನಡದ ವೇಷ ತೊಡಿಸಿದವು. ವೇಷ ಕಳಚಿದರೆ ಒಳಗಿನ ಸಂಕೇತವೇ ಕಾಣುತ್ತದೆ. ಯೂನಿಕೋಡಿನಲ್ಲಿ ಪ್ರತಿ ಕನ್ನಡ ಅಕ್ಷರಕ್ಕೂ ಅದರದೇ ಸಂಖ್ಯೆಯಿದೆ. 1991ರ ಮೊದಲ ಆವೃತ್ತಿಯಲ್ಲೇ ಕನ್ನಡ ಸೇರಿತ್ತು. ಕಡತಗಳನ್ನು ಯೂನಿಕೋಡಿಗೆ ಪರಿವರ್ತಿಸಿಕೊಂಡ ಕಚೇರಿಯಲ್ಲಿ ಎರಡು ಕೀಲಿಯ ಕೆಲಸ ಎರಡೇ ಕೀಲಿಯಲ್ಲಿ ಮುಗಿಯುತ್ತದೆ. ಉಳಿದ ಕಡೆ ಇಡೀ ಪುಟವನ್ನು ಮತ್ತೆ ಟೈಪ್ ಮಾಡುವ ಶಿಕ್ಷೆ.

ಮೊದಲು ಕಲಿಯಬೇಕಾದವು

ಕಿಟಕಿಯ ಹಿಂದೆ ಕುಳಿತವರಿಗೆ, ಅಂಗಡಿಯಲ್ಲಿ ಅರ್ಜಿ ತುಂಬುವವರಿಗೆ ಹೆಚ್ಚು ಉಪಯೋಗಕ್ಕೆ ಬರುವ ಕೆಲವನ್ನು ನೋಡೋಣ. ಎಲ್ಲಕ್ಕಿಂತ ಮೊದಲನೆಯದು ಟ್ಯಾಬ್. ನಮೂನೆಯಲ್ಲಿ ಒಂದು ಖಾನೆ ತುಂಬಿದ ಮೇಲೆ ಟ್ಯಾಬ್ ಒತ್ತಿದರೆ ಮುಂದಿನ ಖಾನೆ. ಶಿಫ್ಟ್ ಹಿಡಿದು ಟ್ಯಾಬ್ ಒತ್ತಿದರೆ ಹಿಂದಿನದು. ಪ್ರತಿ ಖಾನೆಗೂ ಮೌಸ್ ಒಯ್ಯುವವರು ಇದೊಂದನ್ನು ರೂಢಿಸಿಕೊಂಡರೂ ಅರ್ಜಿ ಬೇಗ ಮುಗಿಯುತ್ತದೆ.

ಎರಡು ಕಿಟಕಿಗಳ ನಡುವೆ ಓಡಾಡಲು ಆಲ್ಟ್ ಮತ್ತು ಟ್ಯಾಬ್. ಕಡತ ಉಳಿಸಲು ಕಂಟ್ರೋಲ್ ಮತ್ತು ಎಸ್. ಕರೆಂಟ್ ಯಾವಾಗ ಹೋದೀತೆಂದು ಹೇಳಲಾಗದ ಊರುಗಳಲ್ಲಿ ಇದನ್ನು ಪ್ರತಿ ಪ್ಯಾರಾಕ್ಕೆ ಒಮ್ಮೆ ಒತ್ತುವುದು ಲೇಸು. ಅಚ್ಚಿಗೆ ಕಂಟ್ರೋಲ್ ಮತ್ತು ಪಿ. ಉದ್ದನೆಯ ಪಟ್ಟಿಯಲ್ಲಿ ಒಂದು ಸರ್ವೆ ನಂಬರ್ ಹುಡುಕಲು ಕಂಟ್ರೋಲ್ ಮತ್ತು ಎಫ್. ವರ್ಡ್‌ನಲ್ಲಿ ಒಂದು ಹೆಸರು ಇಪ್ಪತ್ತು ಕಡೆ ತಪ್ಪಾಗಿದ್ದರೆ ಕಂಟ್ರೋಲ್ ಮತ್ತು ಎಚ್ ಒತ್ತಿ ಒಂದೇ ಸಲಕ್ಕೆ ಎಲ್ಲವನ್ನೂ ತಿದ್ದಬಹುದು. ಎಕ್ಸೆಲ್‌ನಲ್ಲಿ ಮೇಲಿನ ಮನೆಯಲ್ಲಿರುವುದನ್ನೇ ಕೆಳಗೆ ತುಂಬಲು ಕಂಟ್ರೋಲ್ ಮತ್ತು ಡಿ.

ವಿಂಡೋಸ್ 10ಕ್ಕೆ 2018ರಲ್ಲಿ ಬಂದ ಪರಿಷ್ಕರಣೆಯಿಂದೀಚೆಗೆ ವಿಂಡೋಸ್ ಕೀಲಿ ಹಿಡಿದು ವಿ ಒತ್ತಿದರೆ, ಈ ಮೊದಲು ನಕಲು ಮಾಡಿದ ಹಲವು ತುಣುಕುಗಳ ಪಟ್ಟಿ ಕಾಣುತ್ತದೆ. ಇದನ್ನು ಮೊದಲ ಸಲ ಬಳಸುವಾಗ ಚಾಲೂ ಮಾಡಿಕೊಳ್ಳಬೇಕು. ಹೋಬಳಿ, ತಾಲ್ಲೂಕು, ಪಿನ್ ಕೋಡ್ ಮುಂತಾಗಿ ಮತ್ತೆ ಮತ್ತೆ ಬರುವ ಮಾತುಗಳಿಗೆ ಅನುಕೂಲ.

ಇನ್ನೊಂದು ಕೀಲಿಜೋಡಿಯಿಂದ ಸಮಯ ಉಳಿಯುವುದಿಲ್ಲ, ಮಾನ ಉಳಿಯುತ್ತದೆ. ಎದ್ದು ಹೋಗುವ ಮುನ್ನ ವಿಂಡೋಸ್ ಕೀಲಿ ಮತ್ತು ಎಲ್ ಒತ್ತಿದರೆ ಪರದೆಗೆ ಬೀಗ ಬೀಳುತ್ತದೆ. ಯಾರದೋ ಆಧಾರ್ ಸಂಖ್ಯೆ, ಇನ್ಯಾರದೋ ಬ್ಯಾಂಕ್ ಖಾತೆ ಪರದೆಯ ಮೇಲೆ ತೆರೆದಿರುವಾಗ ಚಹಾಕ್ಕೆ ಎದ್ದುಹೋಗುವುದು ಬೀರುವಿನ ಬಾಗಿಲು ತೆಗೆದಿಟ್ಟು ಜಾತ್ರೆಗೆ ಹೋದಂತೆ.

ಅವಸರವೇ ಅಪಾಯ

ಗದ್ದೆಯ ಬದುವಿನಲ್ಲಿ ಕಾಲು ಜಾರುವಂತೆ ಇಲ್ಲಿ ಬೆರಳು ಜಾರುತ್ತದೆ. ನಕಲು ಮಾಡುವ ಕೀಲಿ ಸರಿಯಾಗಿ ಬೀಳದೆ ಅಂಟಿಸುವ ಕೀಲಿ ಮಾತ್ರ ಬಿದ್ದರೆ, ಹಿಂದಿನ ಅರ್ಜಿದಾರನ ಸಂಖ್ಯೆ ಮುಂದಿನವನ ಅರ್ಜಿಯಲ್ಲಿ ಕೂರುತ್ತದೆ. ಪರದೆ ಯಾವ ಎಚ್ಚರಿಕೆಯನ್ನೂ ಕೊಡುವುದಿಲ್ಲ. ಸರ್ವೆ ನಂಬರಿನ ಹಿಸ್ಸಾ ಒಂದು ಅಂಕಿ ಬದಲಾದರೆ ಜಮೀನಿನ ಕಾಗದವೇ ಬೇರೆಯವರದಾಗುತ್ತದೆ. ಅದನ್ನು ತಿದ್ದಿಸಲು ರೈತ ಮತ್ತೆ ಎಷ್ಟು ಸಲ ಕಚೇರಿಗೆ ಅಲೆಯಬೇಕೋ! ಆದ್ದರಿಂದ ಹೆಸರು, ಊರು ಅಂಟಿಸಿದರೂ ಸಂಖ್ಯೆಗಳನ್ನು ಎದುರಿಗಿರುವವರಿಗೆ ಗಟ್ಟಿಯಾಗಿ ಓದಿ ಹೇಳಿ ಒಪ್ಪಿಗೆ ಪಡೆಯುವುದು ಒಳ್ಳೆಯದು. ಉಳಿದ ನಿಮಿಷಗಳಲ್ಲಿ ಇದಕ್ಕೊಂದು ಪಾಲು ಸಲ್ಲಬೇಕು.

ಶಿಫ್ಟ್ ಹಿಡಿದು ಡಿಲೀಟ್ ಒತ್ತಿದರೆ ಕಡತ ಕಸದ ಬುಟ್ಟಿಗೂ ಹೋಗದೆ ಮಾಯವಾಗುತ್ತದೆ. ಹೊಸಬರು ಇದರಿಂದ ದೂರವಿರಬೇಕು. ಅಪಾಯದ ಕೀಲಿಗಳು ಕೈಗೆ ಸುಲಭವಾಗಿ ಸಿಗಬಾರದೆಂಬ ವಿವೇಕ ಹಿಂದಿನವರಿಗೆ ಇತ್ತು. 1981ರಲ್ಲಿ ಹೊರಬಂದ ಐಬಿಎಂ ಪಿಸಿಯನ್ನು ಒಮ್ಮೆಲೇ ಮರುಚಾಲನೆ ಮಾಡಲು ಎಂಜಿನಿಯರ್ ಡೇವಿಡ್ ಬ್ರಾಡ್ಲಿ ಕಂಟ್ರೋಲ್, ಆಲ್ಟ್, ಡಿಲೀಟ್ ಎಂಬ ಮೂರನ್ನು ಆರಿಸಿದರು. ಡಿಲೀಟ್ ಬಲಕ್ಕೆ, ಉಳಿದೆರಡು ಎಡಕ್ಕೆ. ಎರಡೂ ಕೈ ಸೇರದೆ ಆ ಮೂರನ್ನು ಅಂದಿನ ಮಣೆಯಲ್ಲಿ ಒತ್ತಲಾಗುತ್ತಿರಲಿಲ್ಲ. ಕೈ ತಗುಲಿ ಆಕಸ್ಮಿಕವಾಗಿ ಕೆಲಸ ಹಾಳಾಗುತ್ತಿರಲಿಲ್ಲ.

ಕಾಲುದಾರಿಯೇ ಹೆದ್ದಾರಿ

ಕಣ್ಣಿದ್ದವರಿಗೆ ಕೀಲಿಯೋ ಮೌಸೋ ಎಂಬ ಆಯ್ಕೆಯಿದೆ. ದೃಷ್ಟಿಯಿಲ್ಲದವರಿಗೆ ಅದೂ ಇಲ್ಲ, ಏಕೆಂದರೆ ಬಾಣ ಎಲ್ಲಿದೆ ಎಂದು ಕಾಣದ ಮೇಲೆ ಮೌಸ್ ಹಿಡಿದು ಫಲವೇನು? ಆಸ್ಟ್ರೇಲಿಯಾದ ಮೈಕೇಲ್ ಕರನ್ ಮತ್ತು ಜೇಮ್ಸ್ ಟೆ ಎಂಬ ಇಬ್ಬರು ಅಂಧ ಯುವಕರು ಕೈಜೋಡಿಸಿ ಬೆಳೆಸಿದ, 2006ರಲ್ಲಿ ಮೊದಲುಗೊಂಡ ‘ಎನ್‌ವಿಡಿಎ’ ಎಂಬ ತಂತ್ರಾಂಶ ಪರದೆಯ ಮೇಲಿನದನ್ನು ಓದಿ ಹೇಳುತ್ತದೆ. ಅದು ಉಚಿತ, ಕನ್ನಡವನ್ನೂ ಓದುತ್ತದೆ. ಅದರ ಸಮಸ್ತ ವ್ಯವಹಾರ ಕೀಲಿಮಣೆಯಲ್ಲೇ. ಜಾಲತಾಣದಲ್ಲಿ ಎಚ್ ಒತ್ತಿದರೆ ಮುಂದಿನ ಶೀರ್ಷಿಕೆ, ಎಫ್ ಒತ್ತಿದರೆ ಮುಂದಿನ ಖಾನೆ, ಬಿ ಒತ್ತಿದರೆ ಮುಂದಿನ ಗುಂಡಿ. ನಮೂನೆಯೊಂದನ್ನು ಟ್ಯಾಬ್ ಕೀಲಿಗೆ ಸಿಗದಂತೆ ರೂಪಿಸಿದರೆ ಇಂಥವರ ಪಾಲಿಗೆ ಆ ಕಚೇರಿಯ ಬಾಗಿಲು ಮುಚ್ಚಿದಂತೆಯೇ ಸರಿ.

ಒಂದೇ ಕೈಯಲ್ಲಿ ಕೆಲಸ ಮಾಡುವವರಿಗೂ ದಾರಿಯಿದೆ. ಶಿಫ್ಟ್ ಕೀಲಿಯನ್ನು ಐದು ಬಾರಿ ಒತ್ತಿದರೆ ‘ಸ್ಟಿಕಿ ಕೀಸ್’ ಬೇಕೇ ಎಂದು ವಿಂಡೋಸ್ ಕೇಳುತ್ತದೆ. ಹೂಂ ಎಂದರೆ ಕಂಟ್ರೋಲ್ ಕೀಲಿಯನ್ನು ಮೊದಲು ಒತ್ತಿ ಬಿಟ್ಟು, ಆಮೇಲೆ ಸಿ ಒತ್ತಬಹುದು. ಎರಡನ್ನೂ ಒಟ್ಟಿಗೆ ಹಿಡಿಯಬೇಕಾಗಿಲ್ಲ.

ಕಲಿಯುವ ಕ್ರಮವೂ ಸರಳವಾದುದೇ. ವಾರಕ್ಕೆ ಮೂರಕ್ಕಿಂತ ಹೆಚ್ಚು ಬೇಡ. ಆ ಮೂರು ಕೆಲಸಗಳಿಗೆ ಆ ವಾರ ಮೌಸ್ ಮುಟ್ಟುವುದಿಲ್ಲವೆಂದು ನಿಶ್ಚಯಿಸಬೇಕು. ಮೊದಲ ಎರಡು ದಿನ ಕೆಲಸ ನಿಧಾನವಾಗುತ್ತದೆ, ಸಿಟ್ಟೂ ಬರುತ್ತದೆ. ಸಾಲು ಉದ್ದವಿರುವ ಬೆಳಗಿನ ಹೊತ್ತನ್ನು ಬಿಟ್ಟು ಮಧ್ಯಾಹ್ನದ ಬಿಡುವಿನಲ್ಲಿ ಅಭ್ಯಾಸ ಮಾಡಿದರೆ ಯಾರಿಗೂ ತೊಂದರೆಯಿಲ್ಲ. ವಾರದ ಕೊನೆಗೆ ಆ ಕೀಲಿ ಯಾವುದೆಂದು ಯಾರಾದರೂ ಕೇಳಿದರೆ ಬಾಯಲ್ಲಿ ಹೇಳಲು ತಡವರಿಸಿ, ಬೆರಳು ಮಾತ್ರ ತಾನಾಗಿ ಅಲ್ಲಿಗೇ ಹೋದರೆ, ಪಾಠ ಮುಗಿಯಿತೆಂದು ತಿಳಿಯಬಹುದು. ಅಂಥವರ ಕಣ್ಣು ಆಮೇಲೆ ಮೌಸ್ ಬಾಣವನ್ನು ಹುಡುಕುವುದಿಲ್ಲ. ಎದುರಿಗೆ ನಿಂತವರ ಮುಖ ನೋಡಿ ‘ಕೂತ್ಕೊಳ್ಳಿ ಯಜಮಾನ್ರೇ, ಈಗ ಆಯ್ತು’ ಎನ್ನಲು ಅದಕ್ಕೆ ಬಿಡುವು ಸಿಗುತ್ತದೆ.